ಸಾಕಿದ ಮನೆಗೆ ಬಂದ ಗುರ್ದಾ

ದನದ ಆಸ್ಪತ್ರೆಯ ಆ ಕಾಂಪೌಂಡರ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೆಮ್ಮುತ್ತಿದ್ದ ನಮ್ಮ ಟಗರಿಗೆ ಮೂರು ದಿನ ಸೂಜಿ ಹಾಕಿ, "ಹದಿನೈದು ದಿನ ಕೊಯ್ಯಾಕೆ ಕೊಡಬ್ಯಾಡ್ರಿ" ಎಂದವನು ಯಾಕೆ ಎಂದು ಹೇಳಲಿಲ್ಲ. ಟಗರು ಮೇವು ಮುಟ್ಟಿತು. ಮತ್ತೆ ಮಲಗಿಬಿಟ್ಟರೆ ಕಷ್ಟವೆಂದು ಮಾರನೆಯ ದಿನವೇ ಗನಿಸಾಬನಿಗೆ ಮಾರಿದೆ. ಸೂಜಿಯ ಮಾತು ಎತ್ತಲಿಲ್ಲ. ಅದು ಎಪ್ಪತ್ತೆಂಟನೇ ಇಸವಿ.

ಗನಿಸಾಬ ಹೊನ್ನಾಳಿಯಿಂದ ಬಂದು ನಮ್ಮೂರು ಸವಳಂಗದಲ್ಲಿ ಕುರಿ ಮಾಂಸದ ಅಂಗಡಿ ಇಟ್ಟವನು. ಸಣ್ಣ ಆಳು, ಕೈಯಷ್ಟೇ ಬಾಯಿಯೂ ಚುರುಕು. ಅವನದೊಂದು ಪದ್ಧತಿಯಿತ್ತು. ಗುರ್ದಾ, ಅಂದರೆ ಮೂತ್ರಪಿಂಡ, ಮಾರುತ್ತಿರಲಿಲ್ಲ. ಮುತ್ತುಗದ ಎಲೆಯಲ್ಲಿ ಕಟ್ಟಿ, ಕುರಿ ಸಾಕಿದ ಮನೆಗೇ ತಂದುಕೊಡುತ್ತಿದ್ದ. ಅವತ್ತೂ ತಂದ.

"ಅಂಜಮ್ಮಕ್ಕ, ಚೆನ್ನಾಗಿ ಬೇಸು. ಟಗರು ನಿನ್ನ ಗಂಡನಂಗೇ ಐತೆ, ಲಗೂ ಮೆತ್ತಗಾಗಲ್ಲ."

"ಹತ್ತು ವರ್ಷದಿಂದ ಬೇಸ್ತಾ ಇದೀನಿ ಸಾಬ್ರೇ, ಇವರಿನ್ನೂ ಬೆಂದಿಲ್ಲ" ಎಂದಳು ನನ್ನ ಹೆಂಡತಿ.

ಉಂಡು ಕೈ ತೊಳೆಯುವಷ್ಟರಲ್ಲಿ ಅವಳ ತುಟಿ ಊದಿತು. ಮೈಯೆಲ್ಲ ದದ್ದು, ಉಸಿರು ಸಿಕ್ಕಿಕೊಂಡಿತು. ನಾನು ಅಂಗಡಿಗೆ ಓಡಿ, ಗಿರಾಕಿಗಳ ಎದುರೇ ಗನಿಸಾಬನ ಕಪಾಳಕ್ಕೆ ಹೊಡೆದೆ.

"ಕೊಳೆತಿದ್ದು ಕೊಟ್ಟೀಯೇನೋ ನನ್ನ ಹೆಂಡ್ತಿಗೆ?"

ಅವನು ತಿರುಗಿ ಕೈ ಎತ್ತಲಿಲ್ಲ. "ಅಕ್ಕ ಎಲ್ಲಿ?" ಎಂದವನೇ ಓಡಿಬಂದು, ರಸ್ತೆಗೆ ಅಡ್ಡ ನಿಂತು ಲಾರಿ ನಿಲ್ಲಿಸಿ, ನಮ್ಮ ಜೊತೆ ತಾನೂ ಹತ್ತಿದ.

ಆಸ್ಪತ್ರೆಯಲ್ಲಿ ಅಂಜಮ್ಮನ ಉಸಿರು ಸರಿಹೋದ ಮೇಲೆ ಡಾಕ್ಟರು ಕೇಳಿದರು: "ಹಿಂದೆ ಯಾವ್ದಾದ್ರೂ ಮದ್ದು ಹಿಂಗೇ ಮಾಡಿತ್ತಾ?"

"ಹೆರಿಗೇಲಿ ಪೆನಿಸಿಲಿನ್ ಹಾಕಿದಾಗ ಸಾರ್. ಅದು ಆಗಲ್ಲ ಅಂತ ಚೀಟಿ ಬರೆದುಕೊಟ್ಟವ್ರೆ" ಎಂದಳು ಅಂಜಮ್ಮ.

"ಉಂಡಿದ್ದು ನೀವೇ ಸಾಕಿದ ಟಗರು ಅಂದ್ರಲ್ಲ, ಅದಕ್ಕೆ ಸೂಜಿ ಹಾಕ್ಸಿದ್ರಾ?"

ಹೂಂ ಎಂದು ತಲೆಯಾಡಿಸಿದೆ. ಚೀಟಿ ನಮ್ಮ ಮನೆಯ ಗೂಡಿನಲ್ಲೇ ಇತ್ತು. ಮನುಷ್ಯರ ಮದ್ದನ್ನೇ ಕುರಿಗೂ ಹಾಕುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

"ಬೇಸಿದ್ವಲ್ಲ ಸಾರ್" ಎಂದೆ.

"ಮದ್ದು ಮೈಯಿಂದ ಹೊರಗೆ ಹೋಗೋದೇ ಮೂತ್ರಪಿಂಡದ ದಾರೀಲಿ. ಅಲ್ಲೇ ಜಾಸ್ತಿ ನಿಂತಿರ್ತದೆ. ಬೇಯಿಸಿದ್ರೆ ಒಂದಷ್ಟು ಒಡೀತದೆ, ಪೂರ್ತಿ ಹೋಗಲ್ಲ. ಒಡೆದ ಚೂರೂ ಇಂಥವರಿಗೆ ಆಗಲ್ಲ."

ಗನಿಸಾಬ ನನ್ನನ್ನು ಒಮ್ಮೆ ನೋಡಿದ. ಅವನ ಕೆನ್ನೆ ಇನ್ನೂ ಕೆಂಪಗಿತ್ತು.

"ವಿಚಾರಿಸ್ದೇ ತಗಂಡಿದ್ದು ನನ್ನ ತಪ್ಪು ಸಾರ್" ಎಂದ.

ಕೊಳೆತ ಮಾಂಸ ಮಾರುತ್ತಾನೆಂದು ಊರು ಆಡಿಕೊಂಡಿತು. ಆರು ತಿಂಗಳು ಅವನ ಅಂಗಡಿಯಲ್ಲಿ ನೊಣ ಓಡಿಸುವ ಕೆಲಸ. ಆಮೇಲೆ ಜನ ಬಂದರು, ಮಾತು ಮಾತ್ರ ಉಳಿಯಿತು. ಕುರಿ ತಂದವರನ್ನೆಲ್ಲ ಅವನು ಮೊದಲು ಕೇಳುತ್ತಿದ್ದ: "ಸೂಜಿ ಹಾಕ್ಸೀರಾ?" ನನ್ನನ್ನೂ ಕೇಳುತ್ತಿದ್ದ, ಎಲ್ಲರನ್ನೂ ಕೇಳುವ ಹಾಗೆಯೇ. ಎಲೆಯ ಪೊಟ್ಟಣವೂ ಬರುತ್ತಿತ್ತು. ಅಂಜಮ್ಮ ಈಸಿಕೊಂಡು, ಅವನು ಹೋಗುವವರೆಗೆ ಕೈಯಲ್ಲೇ ಹಿಡಿದಿರುತ್ತಿದ್ದಳು.

"ಅಂಗಡಿ ಮುಂದೆ ಹೊಡೆದೋರು ಅಂಗಡಿ ಮುಂದೇನೇ ತಪ್ಪು ನಂದು ಅಂತ ಹೇಳಿ ಬರ್ರಿ" ಎನ್ನುತ್ತಿದ್ದಳು ನನಗೆ.

ಎಂಬತ್ತಾರರಲ್ಲಿ ಗನಿಸಾಬ ತೀರಿಕೊಂಡ. ಎಂಟು ವರ್ಷ ದಿನಾ ಆ ಅಂಗಡಿಯ ಮುಂದೆಯೇ ಓಡಾಡಿದೆ. ಹೇಳಲಿಲ್ಲ.