ಸಾಹೇಬನ ಮುಖ ನೋಡದ ಮುತ್ತಜ್ಜಿ

ಹೋದ ವರ್ಷ ಒಂದು ಮಧ್ಯಾಹ್ನ ಊಟಕ್ಕೆ ಕೂತ ನನ್ನ ಗಂಡನ ಹಲ್ಲಿಗೆ ಕಾಳುಪಲ್ಯದಲ್ಲಿ ಕಲ್ಲು ಸಿಕ್ಕಿತು. ಆ ವಾರದಲ್ಲಿ ಅದು ಮೂರನೇ ಸಲ. "ಕಣ್ಣ ಎಲ್ಲಿಟ್ಟ ಕಾಳ ಹಸನ ಮಾಡ್ತೀ?" ಅಂದರು. ನಾನು ಸುಮ್ಮನಿರುವವಳಲ್ಲ. "ನಿಮ್ಮ ಹಲ್ಲಿಗೂ ಒಂದೀಟ ಕೆಲಸ ಆತಲ್ಲ, ತಿನ್ರಿ" ಅಂದೆ. ಒಳಗೆ ಮಾತ್ರ ಜೀವ ಹಾರಿತ್ತು. ಮೊರದ ನಡುವಿನ ಕಾಳು ಕಾಣುತ್ತಿತ್ತು, ಅಂಚಿನದು ಕಾಣುತ್ತಿರಲಿಲ್ಲ. ಹೊತ್ತು ಮುಳುಗಿದರೆ ಮೂಡಲಗಿಯ ನಮ್ಮ ಮನೆಯ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿಯುತ್ತಿದ್ದೆ.

ಗೋಕಾಕದ ಕಣ್ಣಿನ ಡಾಕ್ಟರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ಪದರ ಅಂಚಿನಿಂದ ಸೊರಗುತ್ತ ಬಂದಿದೆ, ಇದು ಎಷ್ಟೋ ಸಲ ವಂಶದಲ್ಲಿ ಇಳಿದು ಬರುತ್ತದೆ ಎಂದರು. "ನಿಮ್ಮ ಪೈಕಿ ಯಾರಿಗರೆ ಇತ್ತೇನ್ರಿ? ಮಕ್ಕಳನ್ನೂ ತೋರಸಬೇಕಾಗ್ತೈತಿ."

"ಯಾರಿಗೂ ಇಲ್ರಿ" ಅಂದೆ, ಅವರು ಮಾತು ಮುಗಿಸುವ ಮೊದಲೇ. ನನಗೆ ಒಬ್ಬಳೇ ಮಗಳು. ಹುಕ್ಕೇರಿಗೆ ಕೊಟ್ಟು ಎರಡು ವರ್ಷವಾಗಿದೆ.

ಬಸ್ಸಿನಲ್ಲಿ ಬರುವಾಗ ಮುತ್ತಜ್ಜಿ ನೆನಪಾದಳು. ನನ್ನ ಅವ್ವನ ತವರು ಮಸಗುಪ್ಪಿ. ಅಲ್ಲಿ ಬ್ರಿಟಿಷರ ಕಾಲದ ಆ ಮುತ್ತಜ್ಜಿಯ ಕತೆಯನ್ನು ಹೇಳದೆ ಯಾವ ಮದುವೆಯ ಮಾತೂ ಮುಗಿಯುತ್ತಿರಲಿಲ್ಲ. ಹೊಲ ಅಳೆಯಲು ಬಂದ ಬಿಳಿ ಸಾಹೇಬ ಊರ ಹೊರಗೆ ಡೇರೆ ಹಾಕಿದನಂತೆ. ಪರಪುರುಷನ ಮುಖ ನೋಡಲಾರೆ ಎಂದು ಇವಳು ಕಣ್ಣು ಮುಚ್ಚಿದಳಂತೆ, ಮುಚ್ಚಿದ ಕಣ್ಣು ಸಾಯುವತನಕ ತೆರೆಯಲಿಲ್ಲವಂತೆ. ಅಂಥ ಮನೆತನ ನಮ್ಮದು ಎಂದು ಗಂಡಸರು ಮೀಸೆ ತಿರುವುತ್ತಿದ್ದರು. ಅವಳ ಮಗ, ಅಂದರೆ ನನ್ನ ಅಜ್ಜ, ಕಣ್ಣು ಕಳೆದುಕೊಂಡಾಗ ಪೊರೆ ಬಂದಿದೆ ಅಂದರು. ನನ್ನ ಅವ್ವ ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟುತ್ತಿರಲಿಲ್ಲ. ಎಂಥ ಮರ್ಯಾದಸ್ಥ ಸೊಸೆ ಎಂದು ಓಣಿಯೆಲ್ಲ ಹೊಗಳಿತು. ಪಾಪ, ಅವಳಿಗೆ ಹೊಸ್ತಿಲೇ ಕಾಣುತ್ತಿರಲಿಲ್ಲವೋ ಏನೋ. ಕೇಳೋಣವೆಂದರೆ ನಲವತ್ತೈದಕ್ಕೇ ಹೋಗಿಬಿಟ್ಟಳು.

ಸುಗ್ಗಿ ಮುಗಿದಾಗ ಮಸಗುಪ್ಪಿಗೆ ಹೆಳವ ಬಂದಿದ್ದಾನೆಂದು ಸೋದರಮಾವ ಫೋನಿನಲ್ಲಿ ಅಂದರು. ಮನೆ ಮನೆಯ ವಂಶಾವಳಿ ಬರೆದಿಟ್ಟು ಓದಿ ಹೇಳುವವನು. ಅವನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದ, ಇವನು ಮೋಟರ್‌ಸೈಕಲ್ ಮೇಲೆ ಬರುತ್ತಾನೆ. ಹೋದೆ. ಅವನು ಏಳು ತಲೆಮಾರು ಒಂದೇ ಉಸಿರಿಗೆ ಓದಿದ. ಮುತ್ತಜ್ಜಿಯ ಗಂಡುಮಕ್ಕಳು, ಅವರ ಗಂಡುಮಕ್ಕಳು.

"ಆಕಿಗೆ ಹೆಣ್ಣಮಕ್ಕಳ ಇರಲಿಲ್ಲೇನು?" ಅಂದೆ.

"ಕೊಟ್ಟ ಹೆಣ್ಣ ಹೊತ್ತಿಗಿಯೊಳಗ ಬರೂದಿಲ್ರಿ ಯವ್ವಾ. ಅವು ಬ್ಯಾರೆ ಮನಿಗೆ ಹೋದವು."

ನನಗೆ ಸಿಟ್ಟು ಬಂತು. ಹಾಗಾದರೆ ಆ ಹೊತ್ತಿಗೆಯಲ್ಲಿ ನಾನೂ ಇಲ್ಲ, ನನ್ನ ಮಗಳೂ ಇಲ್ಲ. ಆದರೆ ಹೊತ್ತಿಗೆಯಲ್ಲಿಲ್ಲದ ಒಂದು ಮನೆ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಪ್ರತಿ ಪಂಚಮಿಗೆ ಅಜ್ಜಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ನನ್ನ ಕೈ ಹಿಡಿದು ಕೊಣ್ಣೂರಿನ ಒಂದು ಮನೆಗೆ ಹೋಗುತ್ತಿದ್ದಳು. ಯಾರ ಮನೆ ಎಂದರೆ "ನಮ್ಮ ಪೈಕಿ" ಅನ್ನುವಳು, ಅಷ್ಟೇ. ತವರಿನ ಉಂಡಿ ಮಗಳ ಮನೆಗಲ್ಲದೆ ಮತ್ತೆಲ್ಲಿಗೆ ಹೋದೀತು?

ಮರುದಿನವೇ ಕೊಣ್ಣೂರಿಗೆ ಹೋದೆ. ಗೋಡೆಗೆ ಒರಗಿ ಒಬ್ಬ ಮುದುಕಿ ಕೂತಿದ್ದಳು; ವಿಚಾರಿಸಿದರೆ ಮುತ್ತಜ್ಜಿಯ ಮಗಳ ಮಗಳು, ತವರಿನಲ್ಲೇ ಉಳಿದವಳು. ಮನಸ್ಸಿನಲ್ಲೇ ಬೇಡಿಕೊಂಡೆ, ಇವಳಾದರೂ ನನ್ನ ಮುಖ ನೋಡಲಿ ಎಂದು. ನೋಡಲಿಲ್ಲ. ನನ್ನ ದನಿ ಬಂದ ಕಡೆ ಕೈ ಚಾಚಿ ಗದ್ದ ಮುಟ್ಟಿದಳು. ಸಾಹೇಬನ ಕತೆ ಎತ್ತಿದೆ.

ಅವಳು ಬೊಚ್ಚುಬಾಯಿ ತೆರೆದು ನಕ್ಕಳು. "ಎಲ್ಲಿ ಸಾಹೇಬ ಹಚ್ಚೀ! ಹರೇದಾಗನ ಆಕಿಗೆ ಸಂಜಿ ಆದ್ರ ಬಾಂವಿ ದಂಡಿ ಕಾಣತಿರಲಿಲ್ಲಂತ. ನಮ್ಮವ್ವಗೂ ಹಂಗ. ನನಗೂ ಹಂಗ. ಹೇಳಿದ್ರ ನಮ್ಮ ಹುಡುಗ್ಯಾರನ್ನ ಯಾರ ತಗೋತಾರ?" ಆಮೇಲೆ ನನ್ನ ಕೈ ಬಿಡದೆ ಕೇಳಿದಳು: "ನಿನಗ ಹೆಣ್ಣಮಗಳ ಅದಾಳೇನ?"

"ಇಲ್ಲ" ಅಂದೆ.

ಇದ್ದೊಬ್ಬ ಮಗಳನ್ನು ಇಲ್ಲ ಅಂದೆ. ಕುರುಡಿಯ ಮುಂದೆ ಸುಳ್ಳು ಹೇಳಿದ ನಾಲಿಗೆ ಇದು. ಯಾಕೆ ಹಾಗಂದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಇದ್ದಾಳೆ ಎಂದರೆ ಅದು ಅವಳಿಗೆ ಅಂಟಿಬಿಡುತ್ತದೆ ಎನ್ನುವಷ್ಟು ಹೆದರಿದ್ದೆ. ಮುದುಕಿ ಮಾತ್ರ "ಚಲೋ ಆತು ಬಿಡು" ಎಂದು ಕೈ ಬಿಟ್ಟಳು. ಆ ಮಾತು ಕೇಳಿ ಅಲ್ಲಿ ಕೂರಲಾಗಲಿಲ್ಲ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹುಕ್ಕೇರಿಗೆ ಫೋನು ಹಚ್ಚಿದೆ. ಊಟ ಆಯಿತಾ, ಅತ್ತೆ ಹೇಗಿದ್ದಾರೆ, ಎಲ್ಲ ಕೇಳಿದೆ. ಮಗಳು ಎಂದಿನಂತೆ ಪಟಪಟ ಮಾತಾಡಿದಳು. ಕೊನೆಗೆ, ಏನೂ ಇಲ್ಲವೆಂಬಂತೆ ಅಂದೆ: "ಸಂಜಿಮುಂದ ನಿನಗ ಕಣ್ಣ ಚಲೋ ಕಾಣತಾವಲ್ಲಾ?"

ಅವಳು ಎದ್ದು ಹೋಗಿ ಬಾಗಿಲು ಮುಚ್ಚಿದ ಸಪ್ಪಳ ಕೇಳಿಸಿತು. ಆಮೇಲೆ ಅತ್ತೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅಂದಳು:

"ನಿನಗ ಯಾರ ಹೇಳಿದ್ರವ್ವಾ?"