ಮೂರು ಊರಿನ ಕಡಲೆಹಿಟ್ಟು

ರೋಸಲೀನ್ ಹುಟ್ಟಿದ್ದು ಮಾರ್ಸೇಯ್ ಬಂದರಿನ ಪಕ್ಕದ ಕೇರಿಯಲ್ಲಿ. ಅವಳ ತಾಯಿ ಕಡಲೆಹಿಟ್ಟನ್ನು ಗಟ್ಟಿಯಾಗಿ ಕಾಯಿಸಿ, ಆರಿಸಿ, ಬಿಲ್ಲೆ ಕೊಯ್ದು ಎಣ್ಣೆಯಲ್ಲಿ ಕರಿದು ಮಾರುತ್ತಿದ್ದಳು. ಅಲ್ಲಿ ಅರ್ಧ ವ್ಯಾಪಾರ ಬಾಣಲೆಯದು, ಅರ್ಧ ಬಾಯಿಯದು. ಕೂಗಿ ಕರೆಯದಿದ್ದರೆ ಅಂಗಡಿ ಮುಚ್ಚಿದೆಯೆಂದೇ ಲೆಕ್ಕ. ತಿಂದವನು ಹೊಗಳಬೇಕು, ಇಲ್ಲವೇ ಬಯ್ಯಬೇಕು. ಸುಮ್ಮನೆ ತಿಂದು ಹೋದರೆ ಮುಖಕ್ಕೆ ಉಗಿದ ಹಾಗೆ.

ಮದುವೆಯಾಗಿ ನೀಸ್‌ಗೆ ಹೋದಳು. ಅಲ್ಲಿ ಅದೇ ಹಿಟ್ಟನ್ನು ನೀರಾಗಿ ಕಲಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಸೌದೆ ಒಲೆಗೆ ತಳ್ಳುತ್ತಾರೆ. ಅಂಚು ಸೀಯಲೇಬೇಕು. ಜನ ಬಿಸಿಲಲ್ಲಿ ಕೂತು, ಕಾಳುಮೆಣಸಿನ ಪುಡಿ ಉದುರಿಸಿಕೊಂಡು, ಒಂದು ಲೋಟ ವೈನಿನ ಜೊತೆ ಚೂರುಚೂರೇ ಮುರಿದು ತಿನ್ನುತ್ತಾರೆ. "ದಪ್ಪ ಹುಯ್ಯಬೇಡ ಕಣೇ, ಗಂಜಿ ಆಗತ್ತೆ" ಎಂದು ಅತ್ತೆ ಪಕ್ಕದಲ್ಲೇ ನಿಂತು ಗದರುತ್ತಿದ್ದಳು.

ಗಂಡನಿಗೆ ತುಲೋನಿನಲ್ಲಿ ಕೆಲಸ ಸಿಕ್ಕಿ ಸಂಸಾರ ಅಲ್ಲಿಗೆ ಬಂತು. ಸಂತೆಬೀದಿಯಲ್ಲಿ ಕಡಲೆಹಿಟ್ಟಿನ ರೊಟ್ಟಿ ಮಾರುತ್ತಿದ್ದ ಫೋರ್ತುನೇ ಮುದುಕನಿಗೆ ಮೊಣಕಾಲು ಕೈಕೊಟ್ಟಿತ್ತು. ತನ್ನ ಒಲೆಗಾಡಿಯನ್ನು ಅವಳಿಗೆ ಒಪ್ಪಿಸಿ, "ಭಾನುವಾರದ ತನಕ ನೋಡ್ತೀನಿ ತಾಯಿ. ನನ್ನ ಗಿರಾಕಿಗಳು ಒಪ್ಪಿದ್ರೆ ಗಾಡಿ ನಿಂದು. ಇಲ್ಲಾಂದ್ರೆ ಬೇರೆಯವರು ಕೇಳ್ತಿದಾರೆ" ಎಂದ. ಮಗಳಿಗೆ ಆಗಷ್ಟೇ ಹಲ್ಲು ಬರುತ್ತಿತ್ತು. ಮಗುವನ್ನು ಪಕ್ಕದಲ್ಲೇ ಬುಟ್ಟಿಯಲ್ಲಿ ಮಲಗಿಸಿಕೊಂಡು ಮಾಡುವಂಥ ಕೆಲಸ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಗಾಡಿ ಬೇಕೇ ಬೇಕಿತ್ತು.

ಮೊದಲ ದಿನ ನೀಸ್‌ನ ಹಾಗೆ ತೆಳ್ಳಗೆ ಬೇಯಿಸಿದಳು, ಮಾರ್ಸೇಯ್‌ನ ಹಾಗೆ ಕೂಗಿದಳು: "ಬನ್ರಪ್ಪಾ ನನ್ನ ರಾಜರೇ, ಬಿಸಿಬಿಸಿ!"

ಹಡಗುಕಟ್ಟೆಯ ಕೆಲಸಗಾರ ತುಸ್ಸಾಂ ಕಿವಿ ಮುಚ್ಚಿಕೊಂಡೇ ಬಂದ. "ಮಾರ್ಸೇಯ್‌ನೋಳಾ? ಅಲ್ಲಿಂದ್ಲೇ ಕೂಗಿದ್ರೂ ಕೇಳಿಸ್ತಿತ್ತಲ್ಲಮ್ಮ, ಇಷ್ಟು ದೂರ ಯಾಕೆ ಬಂದೆ?"

ತುಂಡನ್ನು ಬೆಳಕಿಗೆ ಹಿಡಿದು ನೋಡಿದ. "ಇದರಲ್ಲಿ ಆಚೆ ನಿಂತಿರೋ ಹಡಗು ಕಾಣಿಸ್ತದೆ. ನಾವು ಮಧ್ಯಾಹ್ನದ ತನಕ ಕಬ್ಬಿಣ ಎತ್ತೋರು. ಇದನ್ನ ತಿಂದ್ರೆ ಗೇಟು ದಾಟೋದ್ರೊಳಗೆ ಹಸಿವಾಗ್ತದೆ." ಹಿಂದಿದ್ದವರು ನಕ್ಕರು. ಅರ್ಧಕ್ಕರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಮಾರನೆಯ ದಿನ ಅತ್ತೆಯ ಮಾತನ್ನು ಬದಿಗಿಟ್ಟು ಬೆರಳು ದಪ್ಪ ಹುಯ್ದಳು. ಮೇಲೆ ಕೆಂಪಗಾದರೂ ಒಳಗೆ ಹಸಿ ಉಳಿಯಿತು. ಕೊಂಡವರು ವಾಪಸ್ ಕೊಟ್ಟರು. ಆಮೇಲೆ ಕೆಂಡ ಹಿಂದಕ್ಕೆಳೆದು, ಇನ್ನೂ ಬೇಗ ಎದ್ದು, ನಿಧಾನವಾಗಿ ಬೇಯಿಸಿದಳು. ಕೂಗುವುದನ್ನು ತುಟಿ ಕಚ್ಚಿ ನಿಲ್ಲಿಸಿದಳು. ಗಂಡಸರು ಬೆಳಗಾಗುತ್ತಲೇ ಬಂದು, ಕೈ ಚಾಚಿ, ಕಾಗದದ ಪೊಟ್ಟಣವನ್ನು ಕೋಟಿನೊಳಗೆ ಎದೆಗೊತ್ತಿಕೊಂಡು ಹೋದರು. ತುಸ್ಸಾಂ ಕೂಡ ಬಾಯಿ ಬಿಡಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. "ಬೇರೆ ಗತಿಯಿಲ್ಲ ಅಂತ ತಿಂತಿದಾರೆ ಅಷ್ಟೇ" ಎಂದು ಗಂಡನೆದುರು ಅತ್ತಳು.

ಭಾನುವಾರ ಸಂತೆ ಮುಗಿದ ಮೇಲೆ ತಟ್ಟೆ ಉಜ್ಜಿ, ಗಾಡಿ ತಳ್ಳಿಕೊಂಡು ಹೋಗಿ ಫೋರ್ತುನೇ ಮನೆಮುಂದೆ ನಿಲ್ಲಿಸಿದಳು.

"ತಗೊಳ್ಳಿ ಯಜಮಾನ್ರೇ. ಒಪ್ಪಲಿಲ್ಲ ನಿಮ್ಮ ಜನ."

"ಯಾರಾದ್ರೂ ವಾಪಸ್ ಕೊಟ್ರಾ?"

"ಈಗೀಗ ಇಲ್ಲ."

"ಏನಾದ್ರೂ ಅಂದ್ರಾ?"

"ಒಬ್ಬರೂ ತುಟಿ ಬಿಚ್ಚಲಿಲ್ಲ!"

"ಮತ್ತಿನ್ನೇನು ಬೇಕು ನಿಂಗೆ?" ಮುದುಕ ಕಣ್ಣರಳಿಸಿದ. "ನಂಗೆ ಜೀವಮಾನದಲ್ಲಿ ಒಬ್ಬನೂ ಚೆನ್ನಾಗಿದೆ ಅಂದಿಲ್ಲ."

"ಚೆನ್ನಾಗಿದೆ ಅಂದ್ರೆ ನಿಮ್ಮೂರಿನವರ ಗಂಟೇನು ಹೋಗ್ತದೆ!" ಅವಳ ದನಿಗೆ ಎದುರುಮನೆಯ ಕಿಟಕಿ ತೆರೆಯಿತು, ಬುಟ್ಟಿಯಲ್ಲಿದ್ದ ಮಗು ಎದ್ದು ರಾಗ ತೆಗೆಯಿತು.

"ಮೆಲ್ಲಗೆ ಮಾರಾಯ್ತಿ. ಗಾಡಿ ನಿಂದೇ, ತಗೊಂಡು ಹೋಗು. ಬೂದಿ ಮಾತ್ರ ದಿನಾ ತೆಗಿ, ಇಲ್ಲಾಂದ್ರೆ ಒಲೆ ಉಸಿರಾಡಲ್ಲ."