ಸಮುದ್ರಕ್ಕೆ ಒಯ್ದ ಸವಳು ನೀರು

ನಾರಾಯಣಖೇಡದ ಕಡೆಯಿಂದ ಜಹಾಜು ಹತ್ತಿದವರು ಒಬ್ಬಿಬ್ಬರು ಇದ್ದಾರು. ಆದರೆ ಜಾಡಿ ತುಂಬ ಉಪ್ಪುಪ್ಪು ನೀರು ಹೊತ್ತುಕೊಂಡು ಸಮುದ್ರಕ್ಕೆ ಹೋದ ಮಹಾಶಯ ನಾನೊಬ್ಬನೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಲವತ್ತು ವರ್ಷ ಊರಿನವರು ನನ್ನನ್ನು ಕಂಡಾಗಲೆಲ್ಲ ನಕ್ಕಿದ್ದಾರೆ, ಸಾಕಾಗಿ ನಾನೇ ಬರೆದುಬಿಡುತ್ತಿದ್ದೇನೆ.

ಆಗ ನನಗೆ ಇಪ್ಪತ್ತು ವರ್ಷ. ನಿಜಾಮರ ಕಾಲ. ಜಹೀರಾಬಾದಿಗೆ ರೈಲು ಬಂದು ಕೆಲವೇ ವರ್ಷಗಳಾಗಿದ್ದವು. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನೂ ನನ್ನ ಅಕ್ಕನನ್ನೂ ಸಾಕಿದವಳು ಅಪ್ಪನ ತಾಯಿ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಬಾಯಲ್ಲಿ ಹಲ್ಲು ನಾಲ್ಕೇ ಇದ್ದರೂ ಮಾತು ಕಡಿದರೆ ಗಾಯವಾಗುತ್ತಿತ್ತು.

ಅಕ್ಕನ ಗಂಡನಿಗೆ ಆಫ್ರಿಕಾದ ಮೊಂಬಾಸದಲ್ಲಿ ರೈಲ್ವೆ ಗುಮಾಸ್ತಿಕೆ ಸಿಕ್ಕಿತ್ತು. ಮದುವೆಯಾದ ವರ್ಷವೇ ಅಕ್ಕನೂ ಹೋಗಿದ್ದಳು. ಒಂದು ದಿನ ಅವಳ ಕಾಗದ ಬಂತು. ನಾನೇ ಓದಿ ಹೇಳಿದೆ. ಬಸುರಾಗಿ ಆರು ತಿಂಗಳಾದರೂ ವಾಂತಿ ನಿಂತಿಲ್ಲ, ತಿಂದದ್ದು ಒಂದೂ ಹೊಟ್ಟೆಯಲ್ಲಿ ಉಳಿಯುತ್ತಿಲ್ಲ, ಡಾಕ್ಟರು ಜಹಾಜು ಹತ್ತಬೇಡ ಎಂದಿದ್ದಾರೆ, ಬಾಣಂತನಕ್ಕೆ ತವರಿಗೆ ಬರುವುದು ಆಗದ ಮಾತು. ಕೊನೆಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ‘ಆಯಿ, ಇಲ್ಲಿನ ನೀರು ಸಪ್ಪಗೆ. ನಮ್ಮ ಹಿತ್ತಲ ಬಾವಿಯ ನೀರು ಒಂದು ತಂಬಿಗೆ ಸಿಕ್ಕರೆ ಬದುಕಿಕೊಂಡೇನು ಅನಿಸುತ್ತದೆ.’

ಓದಿ ನನಗೆ ನಗು ಬಂತು. ನಮ್ಮ ಹಿತ್ತಲ ಬಾವಿ ಸುತ್ತ ಹತ್ತು ಹಳ್ಳಿಗೆ ಹೆಸರಾದ ಸವಳು ಬಾವಿ. ಬೀಗರು ಬಂದರೆ ಅವರಿಗೆಂದು ಅರ್ಧ ಹರದಾರಿ ದೂರದಿಂದ ಸಿಹಿನೀರು ಹೊರಬೇಕಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರಲ್ಲ, ನಮ್ಮ ಮನೆಗೆ ಬಂದ ಸೊಸೆಯರು ಮೊದಲ ಸಲ ಆ ನೀರು ಕುಡಿದು ಮುಖ ಕಿವಿಚುವುದನ್ನು ನೋಡಲು ಓಣಿಯ ಹೆಂಗಸರು ಕಾದು ಕೂರುತ್ತಿದ್ದರು. ಆದರೆ ಅದರಲ್ಲೇ ಹುಟ್ಟಿ ಬೆಳೆದ ನಮಗೆ ಆ ನೀರು ಬಿಟ್ಟರೆ ಬೇರೆಲ್ಲ ಸಪ್ಪೆಯೇ.

ಆಯಿ ನಗಲಿಲ್ಲ.

“ಬಯಕಿ ಅದು,” ಎಂದಳು. “ಬಸುರಿ ಹೆಂಗಸಿನ ಬಯಕಿ ತೀರಿಸಲಿಲ್ಲಂದ್ರ ಕೂಸಿನ ಕಿವಿ ಸೋರ್ತದ. ಹೊಟ್ಯಾಗ ಏನೂ ನಿಲ್ಲಂಗಿಲ್ಲಂದ್ರ ಕೂಸು ಉಳಿಯೋದೇ ಹೆಂಗ? ತವರಿಗೆ ಆಕಿ ಬರಂಗಿಲ್ಲಂದ್ರ ತವರೇ ಆಕಿ ಕಡಿ ಹೋಗ್ತದ. ಏಳಲೇ, ಜಾಡಿ ತೊಳಿ.”

ಅಪ್ಪ ಏನೋ ಹೇಳಲು ಬಾಯಿ ತೆಗೆದ. ಆಯಿ ಅವನ ಕಡೆ ನೋಡಿದಳು. ಅಪ್ಪ ಬಾಯಿ ಮುಚ್ಚಿದ. ಹೀಗೆ ನಮ್ಮ ಮನೆಯಲ್ಲಿ ಆಫ್ರಿಕಾ ಪ್ರಯಾಣದ ತೀರ್ಮಾನವಾಯಿತು. ಆಯಿಯ ಜೊತೆಗೆ ಹೋಗಲು ನಾನೇ ಯಾಕೆಂದರೆ, ಮ್ಯಾಟ್ರಿಕ್‌ನಲ್ಲಿ ಎರಡು ಸಲ ಮುಗ್ಗರಿಸಿ ಮನೆಯಲ್ಲಿ ಕೂತಿದ್ದೆ, ಉರ್ದು ಬರುತ್ತಿತ್ತು, ಭಾರ ಎತ್ತುವಷ್ಟು ಮೈಯಿತ್ತು.

ಆಯಿ ಗಂಟು ಕಟ್ಟಲು ಶುರುಮಾಡಿದಳು ನೋಡಿ, ಗಟ್ಟಿ ಪದಾರ್ಥ ಎಂಬುದೇ ಇಲ್ಲ! ಕುಸುಬಿ ಎಣ್ಣೆ, ಬಾಣಂತಿಗೆ ತುಪ್ಪ, ಕೂಸಿಗೆ ಹರಳೆಣ್ಣೆ, ಜೇನು, ರಸ ತೇಲುವ ನಿಂಬೆ ಉಪ್ಪಿನಕಾಯಿ. “ಆಯಿ, ನಾವು ಊರಿಗೆ ಹೊಂಟೀವೋ, ಗಾಣ ಇಡಾಕ ಹೊಂಟೀವೋ?” ಎಂದೆ. “ಬಾಯಿ ಮುಚ್ಚಿ ಬಿರಡಿ ಕೆತ್ತು,” ಎಂದಳು. ಬೇವಿನ ಕಟ್ಟಿಗೆಯ ಬಿರಡೆಗಳನ್ನು ಕೆತ್ತಿ ಕೆತ್ತಿ ನನ್ನ ಹೆಬ್ಬೆರಳು ಬೊಬ್ಬೆ ಎದ್ದಿತು.

ನೀರಿಗೆ ಮಾತ್ರ ಬೇರೆಯೇ ಮರ್ಯಾದೆ. ಅರ್ಧ ಕೊಡ ಹಿಡಿಯುವ ದೊಡ್ಡ ಉಪ್ಪಿನಕಾಯಿ ಜಾಡಿಯನ್ನು ಸೀಗೆಪುಡಿ ಹಾಕಿ ತಿಕ್ಕಿ ಮೂರು ದಿನ ಬಿಸಿಲಿಗಿಟ್ಟಳು. ನೀರನ್ನು ಮಡಿಸಿದ ಬಟ್ಟೆಯಲ್ಲಿ ಮೂರು ಸಲ ಸೋಸಿದಳು. ಬಿರಡೆ ಬಿಗಿದು, ಅದರ ಮೇಲೆ ಉದ್ದಿನಹಿಟ್ಟಿನ ಕಣಕ ದಪ್ಪಗೆ ಮೆತ್ತಿ, ಮೇಣದಲ್ಲಿ ಅದ್ದಿದ ಬಟ್ಟೆ ಸುತ್ತಿ, ಹುರಿಯಿಂದ ಬಿಗಿದಳು. ಒಣಗಿದ ಮೇಲೆ ಜಾಡಿಯನ್ನು ತಲೆಕೆಳಗು ಮಾಡಿ ತೋರಿಸಿದಳು. ಒಂದು ಹನಿ ಬೀಳಲಿಲ್ಲ.

“ನೋಡಿದೇನು? ಎಲ್ಲೆರ ಬಿಚ್ಚೋ ಪ್ರಸಂಗ ಬಂದ್ರ ಹಿಂಗೇ ಮೆತ್ತಬೇಕು,” ಎಂದು ಉದ್ದಿನಹಿಟ್ಟಿನ ಒಂದು ಪುಟ್ಟ ಗಂಟು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಅಂಗಿಯ ಕಿಸೆಗೆ ಸೇರಿಸಿದೆ. ಆ ಗಂಟು ನೆನಪಿಟ್ಟುಕೊಳ್ಳಿ.

ಜಾಡಿಯನ್ನು ಮರದ ಪೆಟ್ಟಿಗೆಯಲ್ಲಿ ಹೊಟ್ಟಿನ ನಡುವೆ ಕೂರಿಸಿ ಬಂಡಿಯಲ್ಲಿ ಜಹೀರಾಬಾದಿಗೆ ಹೊರಟೆವು. ಬಂಡಿ ಕಲ್ಲಿನಿಂದ ಕಲ್ಲಿಗೆ ಹಾರಿದಾಗಲೆಲ್ಲ ಆಯಿ ಪೆಟ್ಟಿಗೆಯನ್ನು ತಬ್ಬಿಕೊಳ್ಳುತ್ತಿದ್ದಳು. ನಾನು ಬಂಡಿಯಿಂದ ಬಿದ್ದಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿಂದ ರೈಲು, ವಿಕಾರಾಬಾದಿನಲ್ಲಿ ಬದಲಿಸಿ ತಾಂಡೂರು. ತಾಂಡೂರಿನಲ್ಲಿ ನನ್ನ ಸೋದರತ್ತೆಯ ಮನೆ, ಅಂದರೆ ಆಯಿಯ ಮಗಳ ಮನೆ. ಅಲ್ಲಿ ಒಂದು ದಿನ ತಂಗಿದೆವು.

ಅತ್ತೆ ಪೆಟ್ಟಿಗೆ ತೆಗೆದು ನೋಡಿ ಹಣೆ ಬಡಿದುಕೊಂಡಳು. “ಯವ್ವಾ, ಆಫ್ರಿಕಾದ ತನಕ ಹೊಟ್ಟು ಒಯ್ತೀಯೇನು? ಅಲ್ಲೇನು ಎತ್ತು ಕಟ್ಟೀದಿ? ಹೊಟ್ಟು ತೆಗಿ, ಹೆಸರಕಾಳು ತುಂಬು. ಜಾಡಿಗೂ ಮೆತ್ತಗ ಆಗ್ತದ, ಬಾಣಂತಿಗೂ ಆಗ್ತದ.”

ಆಯಿಗೆ ಈ ಜಾಣತನ ಬಹಳ ಹಿಡಿಸಿತು. ತಾಯಿ ಮಗಳು ಸೇರಿ ಹೊಟ್ಟು ಚೆಲ್ಲಿ, ಅತ್ತೆಯ ಹೊಲದ ಹೆಸರುಕಾಳನ್ನು ಪೆಟ್ಟಿಗೆಯ ಕಂಠದವರೆಗೆ ಸುರಿದರು. ನಾನು ಮೇಲೆ ಮೊಳೆ ಹೊಡೆದೆ. ನಾವು ಮೂವರೂ ಹೊಲದವರು, ಕಾಳಿಗೆ ನೀರು ತಗುಲಿದರೆ ಏನಾಗುತ್ತದೆಂದು ಹುಟ್ಟಿದಾಗಿನಿಂದ ನೋಡಿದವರು. ಆದರೂ ಅರ್ಧ ಕೊಡ ನೀರನ್ನು ಒಣಗಿದ ಕಾಳಿನೊಳಗೆ ಹೂತು ಮೊಳೆ ಹೊಡೆಯುವಾಗ ಒಬ್ಬರಿಗೂ ಏನೂ ಹೊಳೆಯಲಿಲ್ಲ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಕರೋಡಗಿರಿಯವರು, ಅಂದರೆ ನಿಜಾಮ್ ಸೀಮೆಯ ಸುಂಕದವರು, ಸಾಮಾನು ನೋಡುತ್ತಿದ್ದರು. ಮೆಹಂದಿ ಹಚ್ಚಿದ ಗಡ್ಡದ ಸಾಹೇಬರೊಬ್ಬರು ಪೆಟ್ಟಿಗೆಯನ್ನು ಕಾಲಿನಿಂದ ತಟ್ಟಿ “ಇಸ್ ಮೇ ಕ್ಯಾ ಹೈ?” ಎಂದು ಕೇಳಿದರು. “ಪಾನಿ, ಸಾಬ್,” ಎಂದೆ. ಸಾಹೇಬರು ನಕ್ಕರು. ಕದ್ದು ಸೇಂದಿ ಸಾಗಿಸುವವರೆಲ್ಲ ಅದನ್ನೇ ಹೇಳುತ್ತಾರಂತೆ.

ಮೊಳೆ ಕಿತ್ತರು. ಹೆಸರುಕಾಳಿನೊಳಗೆ ಕೈ ಹಾಕಿ ಜಾಡಿ ಎತ್ತಿದರು. ಮುಚ್ಚಳದ ಮೇಲೆ ಅಷ್ಟು ಬಿಗಿ ಬಂದೋಬಸ್ತು ಕಂಡು ಅವರ ಅನುಮಾನ ಇನ್ನೂ ಗಟ್ಟಿಯಾಯಿತು. ಹೆಂಗಸರ ಜನಾನಾ ಡಬ್ಬಿಯಲ್ಲಿ ಕೂತಿದ್ದ ಆಯಿ ಕಿಟಕಿಯಿಂದ ತಲೆ ಹಾಕಿ ಕೂಗಿದಳು: “ಬಿಚ್ಚಬ್ಯಾಡ್ರಿ ಸಾಹೇಬ್ರ! ನಮ್ಮ ಹುಡುಗಿ ಬಸುರಿ ಅದಾಳ್ರಿ!” ಸಾಹೇಬರಿಗೆ ಬಸುರಿಗೂ ಜಾಡಿಗೂ ಏನು ಸಂಬಂಧ ತಿಳಿಯಲಿಲ್ಲ. ಬಿಚ್ಚಿಸಿದರು, ಮೂಸಿದರು, ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಮರುಕ್ಷಣವೇ ಥೂ ಎಂದು ಉಗಿದರು.

“ಎಲ್ಲಿಗೆ ಒಯ್ಯಾಕತ್ತೀರಿ ಇದನ್ನ?” ಈ ಸಲ ಕನ್ನಡದಲ್ಲೇ ಕೇಳಿದರು.

“ಜಹಾಜಿನ್ಯಾಗರಿ.”

“ಸಮುದ್ರಕ್ಕ ಸವಳ ನೀರು ಒಯ್ತೀರಿ? ಅಲ್ಲಿ ಕಮ್ಮಿ ಬಿದ್ದದೇನ್ರಿ?”

ಪ್ಲಾಟ್‌ಫಾರ್ಮಿನ ಹಮಾಲರು, ಪಾನ್ ಮಾರುವವನು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಗಾಡಿ ಸೀಟಿ ಹೊಡೆಯಿತು. ಉದ್ದಿನಹಿಟ್ಟು ಕಲಸಬೇಕು, ಮೆತ್ತಬೇಕು, ಈ ಜನರೆದುರು! ನಾನು ಬಿರಡೆ ತುರುಕಿ, ಹಳೆಯ ಬಟ್ಟೆಯನ್ನೇ ಮೇಲೆ ಸುತ್ತಿ, ಒಂದು ಗಂಟು ಹಾಕಿ, ಕಾಳಿನಲ್ಲಿ ಹೂತು ಮೊಳೆ ಬಡಿದೆ.

“ಉದ್ದಿನಹಿಟ್ಟು ಮೆತ್ತಿದೇನು ತಮ್ಮಾ?” ಆಯಿ ಕಿಟಕಿಯಿಂದ ಕೇಳಿದಳು.

“ಹೂಂ, ಮೆತ್ತೀನಿ.”

ಹಿಟ್ಟಿನ ಗಂಟು ಕಿಸೆಯಲ್ಲೇ ಇತ್ತು.

ಮುಂಬಯಿಯಲ್ಲಿ ಜಹಾಜು ಹತ್ತಿದೆವು. ನಮ್ಮದು ಡೆಕ್ಕಿನ ಜಾಗ, ಚಾಪೆ ಹಾಸಿಕೊಂಡು ಬಯಲಲ್ಲೇ ವಾಸ. ಎರಡನೆಯ ದಿನಕ್ಕೇ ನಾನು ಕರುಳು ಬಾಯಿಗೆ ಬರುವಂತೆ ಕಾರಿಕೊಂಡು ಮಲಗಿದೆ. ಆಯಿ ಮಾತ್ರ ಗಟ್ಟಿಯಾಗಿ ಕೂತು “ಜಹೀರಾಬಾದಿನ ಬಂಡಿಕಿಂತ ಇದೇ ಬೇಸಿ ಅದ,” ಎನ್ನುತ್ತ, ನನ್ನ ನಾಲಗೆಗೆ ನಿಂಬೆ ಉಪ್ಪಿನಕಾಯಿ ತೀಡುತ್ತಿದ್ದಳು. ಬಂದವರಿಗೆಲ್ಲ ಅದೇ ಔಷಧಿ ಕೊಟ್ಟು ನಾಲ್ಕೇ ದಿನದಲ್ಲಿ ಡೆಕ್ಕಿಗೆಲ್ಲ ಆಯಿಯಾದಳು.

ದಿನವೂ ಬೆಳಿಗ್ಗೆ ಲಿಂಗಪೂಜೆಗೆ ಅವಳು ಜಹಾಜಿನ ನಲ್ಲಿಯ ನೀರನ್ನೇ ಬಳಸುತ್ತಿದ್ದಳು. ನನಗೆ ಆಶ್ಚರ್ಯ. ಜಾಡಿಯಿಂದ ಒಂದು ಬಟ್ಟಲು ತೆಗೆಯಬಾರದೇ ಎಂದು ಕೇಳಿದೆ. ಒಳಗೊಳಗೇ ನನಗೆ ಪುಕಪುಕ, ಆದರೂ ಕೇಳಿದೆ.

“ಶಿವಗ ಯಾವ ನೀರಾದ್ರೂ ನಡೀತದ,” ಎಂದಳು. “ಆಕಿಗಿ ನಡಿಯಂಗಿಲ್ಲ.”

ಮೊಂಬಾಸ ಇನ್ನು ಐದು ದಿನ ಇದೆ ಎನ್ನುವಾಗ ಸಮುದ್ರ ಕೆರಳಿತು. ಒಂದು ಇಡೀ ದಿನ ಪೆಟ್ಟಿಗೆ ಡೆಕ್ಕಿನ ಆ ಕಡೆಯಿಂದ ಈ ಕಡೆಗೆ ಜಾರಿತು. ಮರುದಿನ ಅಲೆಯೆಲ್ಲ ಶಾಂತವಾದ ಮೇಲೆ ಪೆಟ್ಟಿಗೆಯೊಳಗಿಂದ ಸದ್ದು. ಕಿರ್... ಕಟ್! ಪಕ್ಕದ ಚಾಪೆಯ ಗುಜರಾತಿ ಮುದುಕ, ಒಳಗೆ ಇಲಿಯಿದೆ ಎಂದ. ಅವನ ಹೆಂಡತಿ ಇಲಿಯಲ್ಲ, ಹಾವು ಎಂದಳು. ನಮ್ಮ ಕಣ್ಣೆದುರೇ ಒಂದು ಮೊಳೆ ತಾನಾಗಿ ಮೇಲೆದ್ದು ಟಣ್ ಎಂದು ಡೆಕ್ಕಿನ ಮೇಲೆ ಬಿತ್ತು. ಮುದುಕ ತನ್ನ ಚಾಪೆ ಸುತ್ತಿಕೊಂಡು ಓಡಿದ.

ಮುಚ್ಚಳ ಎತ್ತಿದೆ. ಹೆಸರುಕಾಳು ಊದಿ, ಒಂದರ ಮೇಲೊಂದು ಒತ್ತಿ, ಎಲ್ಲದಕ್ಕೂ ಬಿಳಿ ಮೂಗು ಹೊರಟಿತ್ತು. ನಡುವೆ ಜಾಡಿ ಅಡ್ಡ ಮಲಗಿತ್ತು. ಬಾಯಲ್ಲಿ ಬಿರಡೆ ಇರಲಿಲ್ಲ. ತಳದಲ್ಲಿ ಒಂದು ಬೊಗಸೆ ನೀರು ಉಳಿದಿತ್ತು.

ಆಯಿ ಜಾಡಿಯ ಕಂಠವನ್ನು ಬೆರಳಿನಿಂದ ಸವರಿದಳು. ಹಿಟ್ಟಿನ ಕುರುಹೂ ಇರಲಿಲ್ಲ. ನನ್ನ ಕಡೆ ನೋಡಿದಳು. ನಾನು ಕಿಸೆಯಿಂದ ಹಿಟ್ಟಿನ ಗಂಟು ತೆಗೆದು ಅವಳ ಮುಂದಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಯಿ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಮುದ್ರಕ್ಕೆ ಹಾರಿಬಿಡೋಣ ಅನಿಸಿತು ನನಗೆ. ಆದರೆ ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರಂತೆ.

ಆಮೇಲೆ ಆಯಿ ತನ್ನ ಒಂದು ಹತ್ತಿ ಸೀರೆ ತೆಗೆದಳು. ಉಳಿದ ಬೊಗಸೆ ನೀರಿನಲ್ಲಿ ಅದನ್ನು ಒದ್ದೆ ಮಾಡಿ, ಕಾಳನ್ನೆಲ್ಲ ಅದರೊಳಗೆ ಕಟ್ಟಿದಳು. ಗಾಳಿಯಾಡಲು ಬಿಚ್ಚುವುದು, ಹಳಸಿದ್ದನ್ನು ಆರಿಸಿ ಎಸೆಯುವುದು, ಮತ್ತೆ ಕಟ್ಟುವುದು, ಮೂರು ದಿನ ಅದೇ ಕೆಲಸ. ಜಹಾಜಿನ ನೀರು ಒಂದು ಹನಿ ತಾಗಗೊಡಲಿಲ್ಲ.

ಅಂದಿನಿಂದ ನಾನು ಅವಳ ಬಾಯಲ್ಲಿ ‘ತಮ್ಮಾ’ ಅಲ್ಲ. “ಏ ಉದ್ದಿನಹಿಟ್ಟ, ಚಾಪಿ ಸುತ್ತು.” “ಏ ಉದ್ದಿನಹಿಟ್ಟ, ತುಪ್ಪದ ಗಡಿಗಿ ಹಿಡಿ.” ಡೆಕ್ಕಿನವರು ಅದೇ ನನ್ನ ಹೆಸರೆಂದು ತಿಳಿದು ಇಳಿಯುವಾಗ ಬಾಯ್ತುಂಬ ಹಾಗೆಯೇ ಕರೆದು ಬೀಳ್ಕೊಟ್ಟರು.

ಮೊಂಬಾಸದ ಮನೆಯಲ್ಲಿ ಅಕ್ಕನನ್ನು ನೋಡಿ ನನ್ನ ತಮಾಷೆಯೆಲ್ಲ ಮರೆತುಹೋಯಿತು. ಹೊಟ್ಟೆಯೊಂದು ಬಿಟ್ಟರೆ ಮೈಯಲ್ಲಿ ಏನೂ ಇರಲಿಲ್ಲ. ಕೈಗಳು ಜೋಳದ ದಂಟಿನಂತಾಗಿದ್ದವು, ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಆಯಿಯನ್ನು ತಬ್ಬಿಕೊಂಡು ಮೊದಲು ಕೇಳಿದ್ದೇ, “ನೀರು ತಂದೀಯೇನ ಆಯಿ?”

“ನೀರು ಹೋತವ್ವ,” ಎಂದಳು ಆಯಿ, ತಲೆ ಬಗ್ಗಿಸಿ. “ದಾರ್‍ಯಾಗ ಕಾಳು ಕುಡದು ಬಿಟ್ವು.”

ನನ್ನ ಹೆಸರು ಹೇಳಲಿಲ್ಲ. ಅದು ನನಗೆ ಇನ್ನೂ ಚುಚ್ಚಿತು. “ನಂದೇ ತಪ್ಪು ಅಕ್ಕಾ, ನಾನೇ ಸರಿ ಕಟ್ಟಲಿಲ್ಲ,” ಎಂದುಬಿಟ್ಟೆ.

ಆಯಿ ಬಿಚ್ಚಿಟ್ಟ ಸೀರೆಯ ಗಂಟಿನತ್ತ ಅಕ್ಕ ನೋಡಿದಳು. ಒಂದು ಹಿಡಿ ಮೊಳಕೆ ತೆಗೆದು, ತೊಳೆಯದೆ, ಬೇಯಿಸದೆ, ಹಾಗೆಯೇ ಬಾಯಿಗೆ ಹಾಕಿಕೊಂಡಳು. ಆಯಿ ಲಗುಬಗೆಯಿಂದ ಬೋಗುಣಿ ತಂದು ಅವಳ ಗದ್ದದ ಕೆಳಗೆ ಹಿಡಿದಳು. ಅಕ್ಕ ಅಗಿದಳು. ಅಗಿಯುವುದು ನಿಂತಿತು. ಬಂತು ವಾಂತಿ ಎಂದುಕೊಂಡೆ.

“ಆಯಿ,” ಎಂದಳು ಅಕ್ಕ, ತುಂಬಿದ ಬಾಯಲ್ಲೇ. “ಇದು ನಮ್ಮ ಬಾವಿ.”

ಮತ್ತೊಂದು ಹಿಡಿ ತೆಗೆದಳು. ಮತ್ತೊಂದು. ಆಯಿ ಬೋಗುಣಿ ಹಿಡಿದೇ ಕೂತಿದ್ದಳು, ಮೊಮ್ಮಗಳ ಗಂಟಲಿನಿಂದ ಕಣ್ಣು ಕೀಳದೆ. ಭಾವ ಆಫೀಸಿಗೆ ಹೋಗಿ ಬಂದರೂ ಹಾಗೆಯೇ ಕೂತಿದ್ದಳು. ಸಂಜೆಗೆ ಬೋಗುಣಿ ಒಣಗಿದ್ದಂತೆಯೇ ಕೆಳಗಿಟ್ಟು, ಕೈ ಜೋಮು ಹಿಡಿದಿದೆ ಎಂದು ತಿಕ್ಕಿಕೊಂಡಳು. ಮರುದಿನ ಅಕ್ಕ ಅದೇ ಮೊಳಕೆಯ ಪಲ್ಯದ ಜೊತೆ ಒಂದು ರೊಟ್ಟಿ ತಿಂದಳು. ಆಮೇಲೆ ಎರಡು. ಕಾಳು ಮುಗಿಯುವ ಹೊತ್ತಿಗೆ ಅವಳಿಗೆ ಮೊಂಬಾಸದ ನೀರೂ ಒಗ್ಗಿತ್ತು.

ನನ್ನ ಹೆಸರು ಮಾತ್ರ ಬದಲಾಗಲಿಲ್ಲ. ತಿಂಗಳೊಪ್ಪತ್ತು ಆ ಮನೆಯಲ್ಲಿ ಉದ್ದಿನಹಿಟ್ಟಾಗಿ ನೀರು ಕಾಸಿದೆ, ಕಟ್ಟಿಗೆ ಒಡೆದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ.

ಕೂಸು ಹುಟ್ಟಿದ ದಿನ ಬೆಳಿಗ್ಗೆ ನಾನೂ ಭಾವನೂ ಬಾಗಿಲ ಹೊರಗೆ ನಿಂತಿದ್ದೆವು. ಅಳು ಕೇಳಿಸಿತು. ಗಂಡೋ ಹೆಣ್ಣೋ ಎಂದು ಭಾವ ಎರಡು ಸಲ ಕೂಗಿದರೂ ಒಳಗಿನಿಂದ ಆಯಿಯ ಉತ್ತರವಿಲ್ಲ. ಬಾಗಿಲ ಸಂದಿಯಿಂದ ಇಣುಕಿದೆ. ಆಯಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅರಳೆಯ ತುಂಡಿನಿಂದ ಮೊದಲು ಒಂದು ಕಿವಿಯನ್ನು ಒತ್ತಿ ನೋಡಿದಳು, ಆಮೇಲೆ ಇನ್ನೊಂದನ್ನು. ಅರಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಒಣಾ ಅದಾವ,” ಎಂದಳು.

ಬಾಗಿಲ ಸಂದಿಯಲ್ಲಿ ನನ್ನ ಮುಖ ಕಂಡಿತೇನೋ. ನಾಲ್ಕೂ ಹಲ್ಲು ಕಾಣುವ ಹಾಗೆ ನಕ್ಕಳು.

“ಹೊರಗ್ಯಾಕ ನಿಂತೀದಿ? ಬಾ ತಮ್ಮಾ, ಎತ್ಕೋ.”